ವನವಿಲಾಸಗೃಹಗಳ ಸಾಧ್ಯಾಸಾಧ್ಯ ವಿಚಾರ

ಈಚಿನ ವರ್ಷಗಳಲ್ಲಿ ಚಿಕ್ಕಮಗಳೂರು ಸೀಮೆಯ ತೋಟದ ಮನೆಗಳಲ್ಲಿ ಪಂಚಾಂಗ, ಕಾಫಿಯ ಲೆಕ್ಕದ ಪುಸ್ತಕ ಇವುಗಳ ಪಕ್ಕದಲ್ಲಿ ಇನ್ನೊಂದು ಜಾತಿಯ ಗ್ರಂಥವೂ ಕಾಣಿಸಿಕೊಳ್ಳತೊಡಗಿದೆ. ಅದಕ್ಕೆ ‘ಸಾಧ್ಯತಾ ವರದಿ’ ಎಂದು ಹೆಸರು. ನುಣುಪಾದ ಕಾಗದ, ಮಂಜು ಮುಸುಕಿದ ಗಿರಿಯ ಬಣ್ಣದ ಚಿತ್ರ, ಅದರ ಇಳಿಜಾರಿನಲ್ಲಿ ಗಾಜಿನ ಗೋಡೆಯ ಕುಟೀರಗಳು, ಪ್ರತಿಯೊಂದು ಕುಟೀರದ ಮುಂದೆಯೂ ಒಂದು ನೀಲಿಯ ಕೊಳ, ಕೊನೆಯ ಪುಟದಲ್ಲಿ, ಹೂಡಿದ ಹಣವು ಎಷ್ಟು ವರ್ಷಗಳಲ್ಲಿ ಹಿಂದಿರುಗುವುದೆಂಬ ಲೆಕ್ಕ. ಹಿಂದೆ ನನ್ನಲ್ಲಿ ಓದಿದವರೂ ಈಗ ತೋಟದ ಯಜಮಾನರೂ ಆದ ಮಿತ್ರರೊಬ್ಬರು ಇಂತಹುದೊಂದನ್ನು ಕೊಟ್ಟು ಅಭಿಪ್ರಾಯವನ್ನು ಕೇಳಿದರು. ಪ್ರಶ್ನೆಯು ಅವರೊಬ್ಬರದೇ ಅಲ್ಲವಾದುದರಿಂದ, ಉತ್ತರವನ್ನು ನಮ್ಮ ಪತ್ರಿಕೆಯ ವಾಚಕರೆಲ್ಲರ ಮುಂದೆ ಇಡುವುದು ಯುಕ್ತವೆಂದು ತೋರಿತು.

ಇಂತಹ ವರದಿಗಳ ಪ್ರತಿಜ್ಞಾವಾಕ್ಯವು ಸಾಮಾನ್ಯವಾಗಿ ಹೀಗಿರುತ್ತದೆ: ಈ ಸ್ಥಳದಲ್ಲಿ ಸುಸ್ಥಿರವೂ, ಪರಿಸರಸ್ನೇಹಿಯೂ, ತಂತ್ರಜ್ಞಾನಸಜ್ಜಿತವೂ, ಐಷಾರಾಮಿಯೂ ಆದ ರಿಸಾರ್ಟೊಂದನ್ನು ಸ್ಥಾಪಿಸುವುದು ಸಾಧ್ಯ. ವಿಶೇಷ್ಯವು ಒಂದು, ವಿಶೇಷಣಗಳು ನಾಲ್ಕು. ನೀಲೋತ್ಪಲವೆಂದರೆ ನೀಲಿಯ ಬಣ್ಣವೂ ಉತ್ಪಲತ್ವವೂ ಒಂದೇ ಹೂವಿನಲ್ಲಿ ಇರತಕ್ಕದ್ದೆಂದು ವ್ಯಾಕರಣದ ಮೊದಲ ಪಾಠದಲ್ಲಿಯೇ ನಾವು ಕಲಿತೆವು. ಎರಡು ಧರ್ಮಗಳು ಒಂದೇ ಆಶ್ರಯದಲ್ಲಿ ನಿಲ್ಲಲಾರದೆ ಹೋದರೆ, ಸಮಾಸವು ಎಷ್ಟೇ ಸೊಗಸಾಗಿದ್ದರೂ ಪದಾರ್ಥವು ಮೊಲದ ಕೊಂಬಿನಂತೆ ಬರಿಯ ಮಾತಾಗಿ ಉಳಿಯುತ್ತದೆ. ಆದುದರಿಂದ ಹಣವು ಹಿಂದಿರುಗುವುದೇ ಎಂದು ಕೇಳುವುದಕ್ಕಿಂತ ಮುಂಚೆ, ಈ ನಾಲ್ಕು ವಿಶೇಷಣಗಳೂ ಒಂದೇ ಗುಡ್ಡದ ಮೇಲೆ ಒಟ್ಟಿಗೆ ನಿಲ್ಲಬಲ್ಲವೇ ಎಂದು ಕೇಳಬೇಕಾಗಿದೆ.

ಐಷಾರಾಮವೆಂದರೇನು? ಅದು ಸುಖವಲ್ಲ. ಬೆಚ್ಚಗಿನ ಹಾಸಿಗೆ, ಬಿಸಿನೀರು, ರುಚಿಯಾದ ಊಟ ಇವು ಸುಖ. ಎಷ್ಟು ಬಳಸಿದೆನೆಂದು ಕೇಳಿಕೊಳ್ಳಬೇಕಾಗಿಲ್ಲದಿರುವುದೇ ಐಷಾರಾಮ. ಅತಿಥಿಯು ಅಷ್ಟೊಂದು ಹಣವನ್ನು ತೆರುವುದು ಆ ನಿಶ್ಚಿಂತೆಗಾಗಿಯೇ. ಸುಸ್ಥಿರತೆಯಾದರೋ ದಿನವೂ ಲೆಕ್ಕವಿಡುವುದರ ಹೆಸರು: ಈ ಹಳ್ಳದಲ್ಲಿ ಎಷ್ಟಿದೆ, ಎಷ್ಟು ತೆಗೆದರೆ ಎಷ್ಟು ಉಳಿಯುತ್ತದೆ, ಕೆಳಗಿನವರಿಗೆ ಎಷ್ಟು ಬೇಕು. ಒಂದಕ್ಕೆ ಲೆಕ್ಕವೇ ಪ್ರಾಣ, ಇನ್ನೊಂದಕ್ಕೆ ಲೆಕ್ಕವೇ ಮೃತ್ಯು. ಈ ವಿರೋಧವನ್ನು ವರದಿಯು ಬಿಡಿಸುವುದಿಲ್ಲ. ಬಣ್ಣದ ಚಿತ್ರದಿಂದ ಮುಚ್ಚುತ್ತದೆ.

ಮಾತಿಗಿಂತ ಅಂಕೆಯು ನಿರ್ದಾಕ್ಷಿಣ್ಯವಾದುದು. ನಲವತ್ತು ಕುಟೀರಗಳ ಒಂದು ವಸತಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕುಟೀರಕ್ಕೆ ಇಬ್ಬರಂತೆ ಎಂಬತ್ತು ಅತಿಥಿಗಳು. ಸಾಧಾರಣ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರು ನೀರು ಬೇಕೆಂದು ಭಾರತೀಯ ಮಾನಕವು ಹೇಳುತ್ತದೆ. ಐಷಾರಾಮಿ ಗೃಹಕ್ಕೆ ಇದು ಸಾಲದು. ಆದರೂ ಪ್ರತಿಪಕ್ಷಕ್ಕೆ ಅನುಕೂಲವಾಗುವಂತೆ ಅಷ್ಟನ್ನೇ ಹಿಡಿಯೋಣ. ದಿನಕ್ಕೆ 14,400 ಲೀಟರು ಆಯಿತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರು. ಅಂದರೆ ಗುಡ್ಡದ ಮೇಲಿನ ಒಬ್ಬ ಅತಿಥಿಯು ಗುಡ್ಡದ ಕೆಳಗಿನ ಮೂವರಿಗಿಂತಲೂ ಹೆಚ್ಚಿನ ಬಾಯಾರಿಕೆಯುಳ್ಳವನಾಗಿ ಬರುತ್ತಾನೆ.

ಇನ್ನು ಕೊಳಗಳು. ನಾಲ್ಕು ಮೀಟರು ಉದ್ದ, ಎರಡೂವರೆ ಮೀಟರು ಅಗಲ, ಒಂದು ಮೀಟರು ಇಪ್ಪತ್ತು ಸೆಂಟಿಮೀಟರು ಆಳದ ಪುಟ್ಟ ಕೊಳವು 12,000 ಲೀಟರನ್ನು ಹಿಡಿಯುತ್ತದೆ. ನಲವತ್ತು ಸೇರಿ 4,80,000 ಲೀಟರು. ಸಾವಿರ ಜನರ ಹಳ್ಳಿಯೊಂದು ಎಂಟು ದಿನಗಳಿಗೂ ಹೆಚ್ಚು ಕಾಲ ಬದುಕುವ ನೀರು ಅದು. ‘ದಿನವೂ ಬದಲಿಸುವುದಿಲ್ಲ, ಶೋಧಿಸಿ ಮತ್ತೆ ಬಳಸುತ್ತೇವೆ’ ಎನ್ನುವರು. ಒಪ್ಪೋಣ. ಬೇಸಗೆಯ ಬಿಸಿಲಿಗೆ ದಿನಕ್ಕೆ ಐದು ಮಿಲ್ಲಿಮೀಟರು ಮಾತ್ರ ಆರಿದರೂ, ನಲವತ್ತು ಕೊಳಗಳ ಮೇಲ್ಮೈಯಿಂದ ದಿನಕ್ಕೆ 2,000 ಲೀಟರು ಆಕಾಶಕ್ಕೆ ಹೋಯಿತು. ಮೂವತ್ತಾರು ಜನ ಹಳ್ಳಿಗರ ದಿನದ ನೀರು, ಯಾರೂ ಕುಡಿಯದೆ, ಯಾರೂ ಮೀಯದೆ, ಚಿತ್ರದಲ್ಲಿ ನೀಲಿಯಾಗಿ ಕಾಣಲೆಂದು ಮಾತ್ರ ವ್ಯಯವಾಯಿತು.

‘ಮಲೆನಾಡಿನಲ್ಲಿ ಮಳೆಗೆ ಬರವೇ? ಸೂರಿನ ನೀರನ್ನು ಹಿಡಿದಿಟ್ಟರೆ ಮುಗಿಯಿತು’ ಎಂಬ ಆಕ್ಷೇಪವು ಬರತಕ್ಕದ್ದು. ಇದು ಒಳ್ಳೆಯ ಆಕ್ಷೇಪ; ಆದುದರಿಂದ ಇದಕ್ಕೆ ಮರ್ಯಾದೆಯ ಉತ್ತರವನ್ನು ಕೊಡಬೇಕು. ಕುಟೀರಕ್ಕೆ 100 ಚದರ ಮೀಟರಿನ ಸೂರು, ವರ್ಷಕ್ಕೆ 2,500 ಮಿಲ್ಲಿಮೀಟರು ಮಳೆ ಎಂದರೆ ಒಂದು ಕೋಟಿ ಲೀಟರು ನೀರು ಸೂರಿನಿಂದ ಇಳಿಯುತ್ತದೆ. ವರ್ಷದ ಅಗತ್ಯಕ್ಕೆ ಅದು ಧಾರಾಳ. ಆದರೆ ಅದು ಇಳಿಯುವುದು ಹೆಚ್ಚಾಗಿ ಆಷಾಢ ಶ್ರಾವಣಗಳಲ್ಲಿ. ಬೇಕಾಗುವುದು ಮಾಘದಿಂದ ವೈಶಾಖದವರೆಗೆ. ಕಾಫಿಯ ಹೂಮಳೆಯನ್ನು ನಂಬಿ ಎಂಬತ್ತು ಜನರನ್ನು ಊಟಕ್ಕೆ ಕರೆಯಲಾಗದು. ಜನವರಿಯಿಂದ ಮೇ ತಿಂಗಳವರೆಗಿನ ನೂರೈವತ್ತು ದಿನಗಳಿಗೆ, ಅತಿಥಿಗಳ ಬಳಕೆಗೆ ಮಾತ್ರವೇ, 21,60,000 ಲೀಟರು ಕೂಡಿಡಬೇಕು. ಮೂರು ಮೀಟರು ಆಳ ತೋಡಿದರೂ, ಉದ್ದಗಲಗಳೆರಡೂ ಇಪ್ಪತ್ತೇಳು ಮೀಟರಿಗೆ ಕಡಿಮೆಯಿಲ್ಲದ ತೊಟ್ಟಿ ಬೇಕಾಯಿತು. ಇಳಿಜಾರಿನ ಗುಡ್ಡದಲ್ಲಿ ಅದಕ್ಕೆ ಸಮತಟ್ಟಾದ ನೆಲವೆಲ್ಲಿ? ಗುಡ್ಡವನ್ನೇ ಕಡಿಯಬೇಕು. ಅಷ್ಟು ದುಡ್ಡನ್ನೂ ಶ್ರಮವನ್ನೂ ಮಾಡುವುದಕ್ಕೆ ಬದಲು ಕೊಳವೆಬಾವಿಯನ್ನು ಕೊರೆಸುವುದು ಸುಲಭ. ಹೀಗೆ ಪರಿಸರಸ್ನೇಹವು ಹಿಂಬಾಗಿಲಿನಿಂದ ಹೊರಗೆ ಹೋಗುತ್ತದೆ. ಅದೇ ಫಾಲ್ಗುಣ ಚೈತ್ರಗಳಲ್ಲಿ ಕಾಫಿಗೆ ನೀರು ಹಾಯಿಸುವವನೂ, ಲೈನುಮನೆಯಲ್ಲಿ ಕೊಡವನ್ನು ಹಿಡಿದು ನಿಲ್ಲುವವಳೂ ಅದೇ ಒರತೆಯನ್ನು ನಂಬಿದವರೆಂಬ ಸಂಗತಿಗೆ ವರದಿಯಲ್ಲಿ ಅಧ್ಯಾಯವೇ ಇಲ್ಲ.

ಗುಡ್ಡವನ್ನು ಕಡಿಯುವ ಮಾತು ಬಂದಿತಷ್ಟೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಬೆಟ್ಟಗಳು ಜರಿದುದನ್ನು ಮರೆತವರಿಲ್ಲ. ಮರುವರ್ಷ ಅದೇ ತಿಂಗಳಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಮನೆಗಳೂ ತೋಟಗಳೂ ಮಣ್ಣಿನಡಿಯಾದವು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಧರೆಯು ರಸ್ತೆಯ ಮೇಲೆಯೇ ಕುಸಿಯಿತು. ಅದೇ ತಿಂಗಳ 30ರ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಇವೆಲ್ಲಕ್ಕೂ ರಿಸಾರ್ಟುಗಳೇ ಕಾರಣವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅಸತ್ಯವಾದೀತು. ಹೇಳುವುದಿಷ್ಟೆ: ಬಿರುಮಳೆಗೆ ತಾನಾಗಿಯೇ ಸಡಿಲಾಗುವ ನೆಲದ ಪಾದವನ್ನು ಕಡಿದು, ಮೇಲೆ ಭಾರವನ್ನು ಹೇರಿ, ನೀರು ಹರಿಯುವ ದಾರಿಯನ್ನು ಮುಚ್ಚಿದರೆ, ಅಪಾಯವು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ನಲವತ್ತು ಕುಟೀರಗಳಿಗೆ ಮೊದಲು ಬೇಕಾದುದು ಗಾಜಲ್ಲ, ಮರವಲ್ಲ. ಕಾರುಗಳೂ ಲಾರಿಗಳೂ ಏರಬಲ್ಲ ರಸ್ತೆ. ರಸ್ತೆಯೆಂದರೆ ಧರೆ ಕಡಿಯುವುದು. ಅತಿಥಿಗಳಿಗೆ ‘ಮಳೆಗಾಲದ ವೈಭವ’ವನ್ನು ತೋರಿಸುತ್ತೇವೆಂದು ಆಷಾಢದಲ್ಲಿ ಕರೆಯುವವರು, ಆ ರಾತ್ರಿ ಧರೆಯ ಕೆಳಗೆ ಮಲಗಿದವರ ಗತಿಯನ್ನೂ ವರದಿಯ ಒಂದು ಪುಟದಲ್ಲಿ ಬರೆಯಲಿ.

ಈಗ ತಂತ್ರಜ್ಞಾನದ ಸರದಿ. ಯಂತ್ರದ್ವೇಷವು ನನ್ನ ಮತವಲ್ಲ. ಸೂರ್ಯನ ಬಿಸಿಲಿನಿಂದ ದೀಪ ಹೊತ್ತುವುದು ಶ್ಲಾಘ್ಯವೇ ಸರಿ. ಆದರೆ ಆಗುಂಬೆಯಂತಹ ಕಡೆ ವರ್ಷಕ್ಕೆ 7,000 ಮಿಲ್ಲಿಮೀಟರಿಗೂ ಮೀರಿ ಸುರಿಯುವ ನಾಡು ಇದು. ವಾರಗಟ್ಟಲೆ ಸೂರ್ಯದರ್ಶನವಿಲ್ಲದ ದಿನಗಳಲ್ಲಿ ಸೌರಫಲಕವು ಸೂರಿನ ಅಲಂಕಾರ ಮಾತ್ರ. ಆಗ ಕಾಡಿನ ಮೌನವನ್ನು ಕಾಯುವುದು ಡೀಸೆಲ್ ಯಂತ್ರ. ಕೊಳಚೆನೀರನ್ನು ಶುದ್ಧಿಮಾಡುವ ಯಂತ್ರಗಳಲ್ಲಿ ದುಡಿಯುವವು ಸೂಕ್ಷ್ಮಜೀವಿಗಳು. ಅವುಗಳಿಗೂ ಹಸುವಿನಂತೆ ದಿನವೂ ಹದವಾದ ಮೇವು ಬೇಕು, ಉಸಿರಾಡಲು ಎಡೆಬಿಡದೆ ಗಾಳಿಯೂ ಬೇಕು. ಶನಿವಾರ ಭಾನುವಾರ ಮನೆ ತುಂಬಿ, ಮಂಗಳವಾರ ಬರಿದಾಗಿ, ಗಾಳಿಮಳೆಗೆ ಮೂರು ದಿನ ವಿದ್ಯುತ್ತು ಹೋದರೆ ಅವು ಸೊರಗುತ್ತವೆ. ಅರೆಶುದ್ಧವಾದ ನೀರು ಹಳ್ಳದ ದಾರಿಯನ್ನು ಹಿಡಿಯುತ್ತದೆ. ಕೋಣೆಕೋಣೆಗೂ ನೀರನ್ನು ಅಳೆಯುವ ಯಂತ್ರ, ಕೈಯಲ್ಲಿನ ಮೊಬೈಲಿನಿಂದ ಆರುವ ದೀಪ ಇವೂ ಇರಲಿ. ಅಳೆಯುವುದು ಬೇರೆ, ತಡೆಯುವುದು ಬೇರೆ. ತಕ್ಕಡಿಯು ಹೊಟ್ಟೆಬಾಕನನ್ನು ತೂಗಬಲ್ಲುದು, ಉಪವಾಸ ಮಾಡಿಸಲಾರದು.

ಇನ್ನು ಪೂರ್ವಪಕ್ಷದ ಬಲವಾದ ಭಾಗಕ್ಕೆ ಬರೋಣ. ‘ಕಾಫಿಯ ಬೆಲೆ ಏರಿಳಿಯುತ್ತದೆ, ಮೆಣಸಿಗೆ ರೋಗ, ಮಕ್ಕಳು ಬೆಂಗಳೂರಿಗೆ ಹೋದರು. ರಿಸಾರ್ಟಿನಿಂದ ಊರಿನ ಹುಡುಗರಿಗೆ ಕೆಲಸ ಸಿಕ್ಕುತ್ತದೆ’ ಎನ್ನುತ್ತಾರೆ. ಇದರಲ್ಲಿ ಸತ್ಯಾಂಶವಿದೆ, ನೋವೂ ಇದೆ. ಆದರೆ ಎಂತಹ ಕೆಲಸ ಎಂಬುದನ್ನು ಕೇಳುವ ಹಕ್ಕು ನಮಗಿದೆ. ತಾತನು ತೋಟದ ಯಜಮಾನನಾಗಿದ್ದ ನೆಲದಲ್ಲಿಯೇ ಮೊಮ್ಮಗನು ಸಮವಸ್ತ್ರವನ್ನು ತೊಟ್ಟು ಪೆಟ್ಟಿಗೆ ಹೊರುವುದನ್ನು ಏಳಿಗೆಯೆಂದು ಕರೆಯುವುದಾದರೆ, ಅವನತಿಗೆ ಬೇರೆ ಹೆಸರನ್ನು ಹುಡುಕಬೇಕಾದೀತು. ಕೇರಳದ ಪೆರಿಯಾರ್ ಅರಣ್ಯದಲ್ಲಿ ಇನ್ನೊಂದು ಬಗೆಯನ್ನು ಕಂಡಿದ್ದೇವೆ. ಹಿಂದೆ ಕಾಡಿನ ದಾಲ್ಚಿನ್ನಿಯ ತೊಗಟೆಯನ್ನು ಕದ್ದು ಮಾರುತ್ತಿದ್ದವರನ್ನೇ 1990ರ ದಶಕದ ಕೊನೆಯಿಂದ ಸಂಘವಾಗಿ ಕೂಡಿಸಿ, ಕಾಡಿನ ಕಾವಲುಗಾರರನ್ನಾಗಿಯೂ ಪ್ರವಾಸಿಗರ ಮಾರ್ಗದರ್ಶಕರನ್ನಾಗಿಯೂ ಮಾಡಿದರು. ಅಲ್ಲಿ ಮಾರಾಟವಾದುದು ಊರಿನವರ ಅರಿವು, ನೆಲವಲ್ಲ. ಇದನ್ನು ಬೇಕಾದರೆ ಉದ್ಯೋಗವೆನ್ನೋಣ.

‘ಹೆಚ್ಚು ಬೆಲೆ, ಕಡಿಮೆ ಜನ, ಭೂತಾನವನ್ನು ನೋಡಿರಿ’ ಎಂಬುದು ಎರಡನೆಯ ವಾದ. ನೋಡೋಣ. ಭೂತಾನವು ಪರದೇಶದ ಪ್ರವಾಸಿಯಿಂದ ರಾತ್ರಿಗೊಂದರಂತೆ ಶುಲ್ಕವನ್ನು ತೆಗೆದುಕೊಳ್ಳುತ್ತದೆ. 2022ರಲ್ಲಿ ಅದನ್ನು 200 ಡಾಲರಿಗೆ ಏರಿಸಿ, 2023ರಲ್ಲಿ 100 ಡಾಲರಿಗೆ ಇಳಿಸಿತು. ಆ ಶುಲ್ಕವು ಸೇರುವುದು ರಾಜ್ಯದ ಬೊಕ್ಕಸಕ್ಕೆ. ನೆಲದ ನೂರಕ್ಕೆ 60 ಭಾಗವು ಎಂದೆಂದಿಗೂ ಕಾಡಾಗಿರತಕ್ಕದ್ದೆಂದು ಆ ದೇಶದ ಸಂವಿಧಾನವೇ ವಿಧಿಸಿದೆ. ಮೊದಲು ಮಿತಿ, ಆಮೇಲೆ ಬೆಲೆ. ಮಿತಿಯನ್ನು ಬಿಟ್ಟು ಬೆಲೆಯನ್ನು ಮಾತ್ರ ಎರವಲು ತರುವುದು, ವ್ರತವನ್ನು ಬಿಟ್ಟು ಪಾರಣೆಯನ್ನು ಮಾತ್ರ ಮಾಡಿದಂತೆ. ನಮ್ಮ ಮುಳ್ಳಯ್ಯನಗಿರಿಯ ದಾರಿಗೂ ಜಿಲ್ಲಾಡಳಿತವು 2025ರಲ್ಲಿ ಮುಂಗಡ ನೋಂದಣಿಯನ್ನು ಕಡ್ಡಾಯಮಾಡಿ ವಾಹನಗಳಿಗೆ ಮಿತಿಯನ್ನು ಹಾಕಿತು. ದಾರಿಗೆ ಮಿತಿಯುಂಟೆಂದು ಒಪ್ಪಿದವರು ಒರತೆಗೆ ಮಿತಿಯಿಲ್ಲವೆಂದು ಹೇಗೆ ವಾದಿಸುವರು?

‘ಸಾಧ್ಯ’ವೆಂಬ ಮಾತನ್ನು ಬರಿಯ ವ್ಯಾಪಾರದ ಅರ್ಥದಲ್ಲಿ ತೆಗೆದುಕೊಂಡರೂ ಎಚ್ಚರವು ಬೇಕು. ಆಲಪ್ಪುಳ ಜಿಲ್ಲೆಯ ವೇಂಬನಾಡು ಸರೋವರದ ನೆಡಿಯತುರುತ್ತು ದ್ವೀಪದಲ್ಲಿ ಐವತ್ತಕ್ಕೂ ಹೆಚ್ಚು ವಿಲ್ಲಾಗಳ ವೈಭವದ ರಿಸಾರ್ಟು ಎದ್ದಿತ್ತು. ಕರಾವಳಿಯ ನಿಯಮಗಳನ್ನು ಮೀರಿದುದೆಂದು ಅದನ್ನು ಕೆಡವಬೇಕೆಂಬ ತೀರ್ಪನ್ನು 2020ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2022ರಲ್ಲಿ ಕೆಡಹುವ ಕಾರ್ಯವು ಆರಂಭವಾಯಿತು. 2020ರ ಫೆಬ್ರವರಿಯಲ್ಲಿ ಹಂಪೆಯ ಎದುರು ದಡದ ವಿರೂಪಾಪುರ ಗಡ್ಡೆಯ ವಸತಿಗೃಹಗಳಿಗೂ, ಅಕ್ಟೋಬರಿನಲ್ಲಿ ನೀಲಗಿರಿಯ ಸೀಗೂರಿನ ಆನೆದಾರಿಯಲ್ಲಿ ಎದ್ದಿದ್ದ ರಿಸಾರ್ಟುಗಳಿಗೂ ಅದೇ ನ್ಯಾಯಾಲಯದಿಂದ ಪ್ರತಿಕೂಲವಾದ ತೀರ್ಪೇ ಬಂದಿತು. ಇವೆಲ್ಲವೂ ಒಂದು ಕಾಲದಲ್ಲಿ ಯಾರೋ ಲೆಕ್ಕಹಾಕಿ ‘ಸಾಧ್ಯ’ವೆಂದು ಬಗೆದವುಗಳೇ. ಲೆಕ್ಕವು ತಪ್ಪಿದುದು ಕೂಡಿಸುವುದರಲ್ಲಿ ಅಲ್ಲ, ಏನನ್ನು ಕೂಡಿಸಬೇಕೆಂಬುದರಲ್ಲಿ.

ಇಲ್ಲಿ ನಮ್ಮ ಪ್ರಾಚೀನರನ್ನು ಸ್ಮರಿಸುವುದು ಅಪ್ರಸ್ತುತವಾಗದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಯೋಲೆಗಳಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಬೇಸಾಯಕ್ಕೆ ಒದಗದ ನೆಲವನ್ನು ಹೇಗೆ ಬಳಸಬೇಕೆಂಬ ಪ್ರಕರಣವೊಂದಿದೆ. ಅಲ್ಲಿ ಅರಸನ ವಿಹಾರಕ್ಕೆಂದು ಒಂದು ಮೃಗವನವನ್ನು ವಿಧಿಸಿದೆ: ಸುತ್ತ ಕಂದಕ, ಒಂದೇ ಬಾಗಿಲು, ಮುಳ್ಳಿನ ಮರಗಳಿಲ್ಲ, ಸಿಹಿಹಣ್ಣಿನ ಗಿಡಗಳುಂಟು, ಆಳವಿಲ್ಲದ ಕೊಳ, ಪಳಗಿದ ಜಿಂಕೆಗಳು, ಹಲ್ಲುಗುರುಗಳನ್ನು ಕಿತ್ತ ಕ್ರೂರಮೃಗಗಳು. ಇಂದಿನ ಐಷಾರಾಮಿ ರಿಸಾರ್ಟಿನ ನಕ್ಷೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಹೊಸದೇನೂ ಕಾಣದು. ಕಾವಲುಗಾರನಿರುವ ಬಾಗಿಲು, ಆಳವಿಲ್ಲದ ಕೊಳ, ಮುಳ್ಳಿಲ್ಲದ ಗಿಡ ಎಲ್ಲವೂ ಇವೆ. ವ್ಯತ್ಯಾಸವೊಂದೇ: ಕೌಟಿಲ್ಯನು ಅದನ್ನು ಅರಸನ ವಿಹಾರವೆಂದು ಸ್ಪಷ್ಟವಾಗಿ ಕರೆದನು. ಅದು ಕಾಡಿಗೆ ಮಾಡುವ ಉಪಕಾರವೆಂಬ ಸುಳ್ಳನ್ನು ಅವನು ಹೇಳಲಿಲ್ಲ.

ಅದೇ ಪ್ರಕರಣದಲ್ಲಿ, ಅದರ ಅಂಚಿನಲ್ಲಿಯಾಗಲಿ ನೆಲಕ್ಕೆ ತಕ್ಕಂತೆ ಬೇರೆ ಕಡೆಯಲ್ಲಿಯಾಗಲಿ ಇನ್ನೊಂದು ಮೃಗವನವೂ ಇರಬೇಕೆಂದು ವಿಧಿಸಿದೆ. ಅಲ್ಲಿ ಎಲ್ಲ ಮೃಗಗಳೂ ಅತಿಥಿಗಳು. ವಾಚಕರು ಈ ಭೇದವನ್ನು ಗಮನಿಸಬೇಕು. ಒಂದು ವನದಲ್ಲಿ ಮನುಷ್ಯನು ಅತಿಥಿ, ಮೃಗವು ಅವನ ಮನರಂಜನೆಯ ಸಾಮಗ್ರಿ. ಇನ್ನೊಂದರಲ್ಲಿ ಮೃಗವೇ ಅತಿಥಿ. ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವ ಜಾಣ್ಮೆಯು ನಮ್ಮ ಕಾಲಕ್ಕೆ ಮೀಸಲಾಗಿತ್ತು. ಯಾರಾದರೂ ವಿಹಾರಗೃಹವನ್ನು ಕಟ್ಟಲಿಚ್ಛಿಸಿದರೆ, ವಿಹಾರಗೃಹವೆಂದೇ ಕರೆದು, ಅದಕ್ಕೆ ತಕ್ಕ ತೆರಿಗೆಯನ್ನು ತೆತ್ತು, ಬಯಲುಸೀಮೆಯ ಯಾವುದಾದರೂ ಪಟ್ಟಣದ ಬದಿಯಲ್ಲಿ ಕಟ್ಟಲಿ. ಅದರಲ್ಲಿ ಪಾಪವಿಲ್ಲ. ಪಾಪವಿರುವುದು ‘ಪರಿಸರ’ ಎಂಬ ಉಪಸರ್ಗದಲ್ಲಿ.

ಹಾಗಾದರೆ ಸಿದ್ಧಾಂತವೇನು? ಮಲೆನಾಡಿಗೆ ಅತಿಥಿಗಳೇ ಬೇಡವೆಂದೇ? ಎಂದಿಗೂ ಅಲ್ಲ. ಮೇಲಿನ ಲೆಕ್ಕವನ್ನೇ ತಿರುಗಿಸಿ ಮಾಡೋಣ. ನಲವತ್ತರ ಬದಲು ಎಂಟು ಕೋಣೆಗಳು, ಹದಿನಾರು ಅತಿಥಿಗಳು, ಕೊಳಗಳಿಲ್ಲ. ಅದೇ 180 ಲೀಟರಿನಂತೆ ನೂರೈವತ್ತು ದಿನಗಳಿಗೆ 4,32,000 ಲೀಟರು ಸಾಕು. ಹನ್ನೆರಡು ಮೀಟರು ಉದ್ದಗಲ, ಮೂರು ಮೀಟರು ಆಳದ ತೊಟ್ಟಿಯಲ್ಲಿ ಅದು ಅಡಗುತ್ತದೆ. ಅಷ್ಟು ನೆಲವು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿಯೇ ಸಿಕ್ಕುತ್ತದೆ. ಹೊಸದಾಗಿ ಗುಡ್ಡವನ್ನು ಕಡಿಯಬೇಕಾಗಿಲ್ಲ. ಅತಿಥಿಯು ತಂಬಿಗೆ ಬಕೆಟ್ಟುಗಳಿಂದ ಸ್ನಾನ ಮಾಡಲೊಪ್ಪಿದರೆ ಇನ್ನೂ ಉಳಿಯುತ್ತದೆ. ಸುಸ್ಥಿರವಾದ ವಸತಿಯು ಸಾಧ್ಯ. ಐಷಾರಾಮಿಯಾದ ಸುಸ್ಥಿರತೆಯು ಅಸಾಧ್ಯ. ಇದೇ ನಮ್ಮ ನಿರ್ಣಯ.

ಈ ನಿರ್ಣಯವು ಕಾರ್ಯಕ್ಕೆ ಬರಬೇಕಾದರೆ ನಾಲ್ಕು ನಿಯಮಗಳು ಸಾಕು. ಮೊದಲನೆಯದಾಗಿ, ಕೊಳವೆಬಾವಿಯನ್ನೂ ಹಳ್ಳವನ್ನೂ ಮುಟ್ಟದೆ, ಕೂಡಿಟ್ಟ ಮಳೆನೀರಿನಿಂದ ಒಂದು ಬೇಸಗೆಯನ್ನು ಕಳೆದು ತೋರಿಸಿದ ಮನೆಗೆ ಮಾತ್ರವೇ ಪರಿಸರಸ್ನೇಹಿಯೆಂಬ ಹೆಸರು ಸಲ್ಲತಕ್ಕದ್ದು. ಕೋಣೆಗಳ ಸಂಖ್ಯೆಯನ್ನು ಬೇಸಗೆಯ ತೊಟ್ಟಿಯು ಗೊತ್ತುಮಾಡಬೇಕು, ಬ್ಯಾಂಕಿನ ಸಾಲವಲ್ಲ. ಎರಡನೆಯದಾಗಿ, ಈಗಾಗಲೇ ಸಮತಟ್ಟಾಗಿರುವ ನೆಲದಲ್ಲಿಯೂ ಇರುವ ಮನೆಗಳಲ್ಲಿಯೂ ಮಾತ್ರ ವಸತಿಯಿರಬೇಕು. ಹೊಸ ಧರೆಯನ್ನು ಕಡಿಯಕೂಡದು. ಮೂರನೆಯದಾಗಿ, ಕಟ್ಟಡವು ಏಳುವ ಮೊದಲೇ, ಅದನ್ನು ಕೆಡವಿ ನೆಲವನ್ನು ಮೊದಲಿನಂತೆ ಮಾಡುವಷ್ಟು ಹಣವನ್ನು ಠೇವಣಿಯಾಗಿ ಇಡಬೇಕು. ನ್ಯಾಯಾಲಯವು ಕೆಡವಿಸಿದ ಮೇಲೆ ಉಳಿದ ಅವಶೇಷಗಳನ್ನು ಹೊರುವುದು ಊರಿನ ಕೆಲಸವಲ್ಲ. ನಾಲ್ಕನೆಯದಾಗಿ, ಗ್ರಾಮಸಭೆಯ ಒಪ್ಪಿಗೆಯನ್ನು ಮಳೆಗಾಲದಲ್ಲಿ ಕೇಳಬಾರದು. ಚೈತ್ರಮಾಸದಲ್ಲಿ, ಹಳ್ಳದ ದಡದಲ್ಲಿ, ಹಳ್ಳದಲ್ಲಿ ಆಗ ಇರುವ ನೀರನ್ನು ಕಣ್ಣಿನಿಂದ ನೋಡುತ್ತ ಕೇಳಬೇಕು.

ಪಶ್ಚಿಮಘಟ್ಟಗಳ ವಿಷಯವಾಗಿ 2011ರಲ್ಲಿ ಒಂದು ವರದಿ, 2013ರಲ್ಲಿ ಇನ್ನೊಂದು ವರದಿ ಬಂದು, ಎರಡಕ್ಕೂ ನಮ್ಮ ಸೀಮೆಯಲ್ಲಿ ಪ್ರಬಲವಾದ ವಿರೋಧವೇ ಎದ್ದಿತು. ‘ಕೊಟ್ಟಿಗೆಯನ್ನು ಕಟ್ಟುವುದಕ್ಕೂ ಅಪ್ಪಣೆ ಬೇಕಾದೀತು’ ಎಂಬ ರೈತನ ಭಯವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ದನದ ಕೊಟ್ಟಿಗೆಯ ಹೆಸರಿನಲ್ಲಿ ಪಡೆದ ಸ್ವಾತಂತ್ರ್ಯವನ್ನು ಗಾಜಿನ ಕುಟೀರಕ್ಕೆ ಮಾರಿಕೊಂಡರೆ, ಮುಂದೆ ಆ ಭಯವನ್ನು ಹೇಳಿಕೊಳ್ಳುವ ಬಾಯಿಯೂ ನಮಗೆ ಉಳಿಯದು. ಹೊರಗಿನ ಕಾನೂನು ಬೇಡವೆನ್ನುವವರು ಒಳಗಿನ ಸಂಯಮವನ್ನು ತೋರಿಸಬೇಕು. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕ ದೇವರಕಾಡುಗಳನ್ನು ಉಳಿಸಿದವರು ಯಾವ ಸರಕಾರದ ಪ್ರಕಟಣೆಗೂ ಕಾದವರಲ್ಲ. ಇಷ್ಟರ ಮೇಲೆ ಕೊಡಲಿ ಬೀಳಕೂಡದೆಂದು ತಾವೇ ಗೆರೆಯನ್ನು ಎಳೆದುಕೊಂಡರು. ಆ ಗೆರೆಯೇ ಇಂದಿಗೂ ಒರತೆಗಳನ್ನು ಕಾಯುತ್ತಿದೆ.

ಆದುದರಿಂದ, ಹಸ್ತಾಕ್ಷರವನ್ನು ಹಾಕುವ ಮುನ್ನ ನಮ್ಮ ಗೃಹಸ್ಥರು ಆ ವರದಿಯ ಕೊನೆಯ ಪುಟವನ್ನು ತಿರುವಿ ಹಾಕಿ, ತಮ್ಮ ಬಾವಿಯ ಚೈತ್ರಮಾಸದ ಆಳವನ್ನು ಅದರ ಬೆನ್ನಿನ ಮೇಲೆ ಬರೆಯಲಿ. ಹಣವು ಎಷ್ಟು ವರ್ಷಗಳಲ್ಲಿ ಹಿಂದಿರುಗುವುದೆಂದು ವರದಿಯು ಹೇಳಬಲ್ಲುದು; ಆರಿದ ಒರತೆಯು ಎಷ್ಟು ವರ್ಷಗಳಲ್ಲಿ ಹಿಂದಿರುಗುವುದೆಂದು ಹೇಳಬಲ್ಲ ವರದಿಯನ್ನು ಇದುವರೆಗೆ ಯಾರೂ ಬರೆದಿಲ್ಲ. ಇತ್ಯಲಂ ವಿಸ್ತರೇಣ.